ಮೊದಲು ತಿಂಗಳು, ಆಮೇಲೆ ಊರು

ಏಪ್ರಿಲ್ ಎರಡನೇ ವಾರ ಶಾಲೆಗೆ ಸೂಟಿ ಬಿಟ್ಟ ಕೂಡಲೇ ರಾಯಚೂರು, ಮಾನ್ವಿ, ದೇವದುರ್ಗದ ಮನೆಗಳಲ್ಲಿ ಒಂದು ಪಟ್ಟಿ ತಯಾರಾಗುತ್ತದೆ. ಊಟಿ, ಮಡಿಕೇರಿ, ಚಿಕ್ಕಮಗಳೂರು, ಜೋಗ. ಅಣ್ಣತಮ್ಮಂದಿರ ಎರಡು ಸಂಸಾರ, ಮನೆಯ ಹಿರಿಯರು, ನಾಲ್ಕೈದು ಮಕ್ಕಳು ಸೇರಿದರೆ ಒಂದು ಕ್ರೂಸರ್ ಗಾಡಿ ತುಂಬುತ್ತದೆ. ಬಾಡಿಗೆ ಮಾತಾಡಿ, ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನಸುಕಿನಲ್ಲಿ ಹೊರಟರೆ ಆಯಿತು. ಚರ್ಚೆ ಏನಿದ್ದರೂ ಈ ನಾಲ್ಕರಲ್ಲಿ ಯಾವುದು ಎಂಬುದಷ್ಟೇ. ಯಾವ ತಿಂಗಳು ಹೋಗಬೇಕು ಎಂದು ಯಾರೂ ಕೇಳುವುದಿಲ್ಲ, ಅದನ್ನು ಶಾಲೆ ತೀರ್ಮಾನಿಸಿಬಿಟ್ಟಿದೆ. ಎಷ್ಟು ತಾಸಿನ ದಾರಿ ಎಂಬ ಪ್ರಶ್ನೆ ಬಂದರೂ ಅದು ಡ್ರೈವರ್‌ಗೆ ಕೇಳುವ ಪ್ರಶ್ನೆ, ಮಗುವಿನ ಪರವಾಗಿ ಕೇಳಿದ್ದಲ್ಲ. ಎಂಟು ವರ್ಷದೊಳಗಿನ ಮಕ್ಕಳಿರುವ ಮನೆಗೆ ಈ ಕ್ರಮವೇ ತಲೆಕೆಳಗು ಎಂಬುದು ನನ್ನ ವಾದ. ಅಂಥ ಮನೆಯವರು ಮೊದಲು ತಿಂಗಳನ್ನು ಆರಿಸಬೇಕು, ಆಮೇಲೆ ದಾರಿಯ ತಾಸನ್ನು ಲೆಕ್ಕಹಾಕಬೇಕು, ಊರಿನ ಹೆಸರನ್ನು ಕೊನೆಗೆ ನೋಡಬೇಕು. ಹಾಗೆ ನೋಡಿದರೆ ಎರಡು ಹೊಳೆಗಳ ನಡುವಿನ ಈ ಎಡದೊರೆ ನಾಡಿನವರಿಗೆ ಸಿಗುವ ಉತ್ತರಗಳು ವಾಡಿಕೆಯ ಪಟ್ಟಿಯಲ್ಲಿ ಇರುವುದೇ ಇಲ್ಲ. ಮೂರು ಊರಿಗೆ ಒಂದೇ ಉತ್ತರವೂ ಬರುವುದಿಲ್ಲ.

ಪಟ್ಟಿಗೆ ಆ ನಾಲ್ಕು ಹೆಸರು ಬಂದು ಕೂತದ್ದಕ್ಕೆ ಕಾರಣವಿದೆ. ಕನ್ನಡದ ಓದುಗನಿಗೆ ನಿಸರ್ಗವನ್ನು ತೋರಿಸಿಕೊಟ್ಟವರು ಕುವೆಂಪು, ಕಾರಂತ, ತೇಜಸ್ವಿ. ಮೂವರೂ ಪಶ್ಚಿಮ ಘಟ್ಟದ ಮಗ್ಗುಲಿನವರು. ಸಿನಿಮಾ ಅದಕ್ಕೆ ಬಣ್ಣ ತುಂಬಿತು; 2006ರ ‘ಮುಂಗಾರು ಮಳೆ’ ಬಂದಮೇಲಂತೂ ಮಂಜು, ಜಡಿಮಳೆ, ಹಸಿರು ಗುಡ್ಡ ಇಲ್ಲದ ಜಾಗ ಪ್ರವಾಸಕ್ಕೆ ಲಾಯಕ್ಕೇ ಅಲ್ಲ ಎಂಬಂತಾಯಿತು. ಇದು ಬರಹಗಾರರ ತಪ್ಪಲ್ಲ, ಅವರು ತಮ್ಮ ಅಂಗಳವನ್ನು ಬರೆದರು. ಆದರೆ ಕೃಷ್ಣೆ, ತುಂಗಭದ್ರೆಯರ ನಡುವಿನ ಕರಿಮಣ್ಣು, ಕಲ್ಲುಗುಡ್ಡ, ಕೆರೆಗಳನ್ನು ‘ನೋಡುವ ಜಾಗ’ ಎಂದು ಕಾಣುವ ಕಣ್ಣು ನಮ್ಮಲ್ಲಿ ಅಷ್ಟಾಗಿ ಬೆಳೆಯಲಿಲ್ಲ. ಪಠ್ಯಪುಸ್ತಕದಲ್ಲಿ ರಾಯಚೂರು ಎಂದರೆ ಕೋಟೆ, ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನ, ಮಸ್ಕಿಯ ಶಾಸನ. ಹಕ್ಕಿ, ಕರಡಿ, ನೀರುನಾಯಿಗಳನ್ನು ನೋಡಲು ಬೇರೆಲ್ಲಿಗೋ ಹೋಗಬೇಕು ಎಂಬ ನಂಬಿಕೆ ಹಾಗೇ ಗಟ್ಟಿಯಾಯಿತು.

ತಿಂಗಳಿನ ಮಾತಿಗೆ ಬರೋಣ. ಜೋಗ 253 ಮೀಟರ್ ಎತ್ತರದಿಂದ ಧುಮುಕುತ್ತದೆ ಎಂದು ಎಲ್ಲರಿಗೂ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಮೇಲೆ ಶರಾವತಿಯ ನೀರು ಮೊದಲು ವಿದ್ಯುತ್ತಿಗೆ, ಉಳಿದದ್ದು ಜಲಪಾತಕ್ಕೆ ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈದುಂಬುವುದು ಜುಲೈನಿಂದ ಸೆಪ್ಟೆಂಬರ್‌ವರೆಗೆ. ಮೇ ತಿಂಗಳಲ್ಲಿ 400 ಕಿಲೋಮೀಟರ್ ದಾಟಿ ಹೋದ ಮಗುವಿಗೆ ಕಾಣುವುದು ಹೆಚ್ಚೂಕಡಿಮೆ ಒಣಗಿದ ಬಂಡೆ. ಬಂಡೆಗೆ ರಾಯಚೂರಿನಲ್ಲೇನು ಕೊರತೆ? ಊಟಿಯ ಕಥೆ ಇನ್ನೊಂದು ಬಗೆಯದು. ಬೇಸಿಗೆಯ ನೂಕುನುಗ್ಗಲು ತಡೆಯಲಾರದೆ ಮದ್ರಾಸ್ ಹೈಕೋರ್ಟು ನೀಲಗಿರಿಗೆ, ಕೊಡೈಕೆನಾಲಿಗೆ ಹೋಗುವ ವಾಹನಗಳಿಗೆ 2024ರ ಮೇ 7ರಿಂದ ಇ-ಪಾಸ್ ಕಡ್ಡಾಯ ಮಾಡಿಸಿತು. ಮರುವರ್ಷದ ಬೇಸಿಗೆಗೆ ನೀಲಗಿರಿಯಲ್ಲಿ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿ ಬಂತು. ಮೈಸೂರಿನ ಕಡೆಯಿಂದ ಹೋಗುವವರಿಗೆ ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ, ಮಸಿನಗುಡಿಯ ದಾರಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಇನ್ನು ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಕಾಡಂಚಿನಲ್ಲಿ ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆಯ ಕಾಲವೂ ಡಿಸೆಂಬರಿನಿಂದ ಮೇವರೆಗೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ ಅದು. ಟಾರು ರಸ್ತೆ, ಹೋಂಸ್ಟೇ ಬಿಟ್ಟು ಕದಲದ ಪ್ರವಾಸಿಗೆ ಅದರ ಅಪಾಯ ಕಡಿಮೆ, ಹೆದರಿಸುವ ಉದ್ದೇಶ ನನಗಿಲ್ಲ. ಆದರೆ ತರಗೆಲೆಯ ಮೇಲೆ ಹೊರಳಾಡುವುದೇ ಮಕ್ಕಳಿಗೆ ಕಾಡು. ‘ಅಲ್ಲಿ ಕೂಡಬೇಡ, ಇದನ್ನು ಮುಟ್ಟಬೇಡ’ ಎನ್ನುತ್ತ ತಿರುಗಿಸುವುದಕ್ಕೆ ಅಷ್ಟು ದೂರ ಹೋಗಬೇಕೆ?

ದಾರಿಯ ತಾಸಿನ ಲೆಕ್ಕ ಇನ್ನೂ ಕಠಿಣ. ರಾಯಚೂರಿನಿಂದ ಮಡಿಕೇರಿಗೆ ರಸ್ತೆಯಲ್ಲಿ ಐನೂರು ಕಿಲೋಮೀಟರಿಗೂ ಹೆಚ್ಚು. ದೇವದುರ್ಗದವರಾದರೆ ಇನ್ನೊಂದಿಷ್ಟು ಸೇರಿಸಿಕೊಳ್ಳಬೇಕು. ಊಟ, ಚಹಾ, ಮಕ್ಕಳ ಮೂತ್ರ-ವಾಂತಿಗೆ ನಿಲ್ಲಿಸುವುದೆಲ್ಲ ಸೇರಿ ಹನ್ನೆರಡು ತಾಸಿಗೆ ಕಡಿಮೆಯಾಗುವುದಿಲ್ಲ. ಮೂರು ದಿನದ ಪ್ರವಾಸವೆಂದರೆ ಎರಡು ದಿನ ಗಾಡಿಯೊಳಗೆ, ಒಂದು ದಿನ ಊರಲ್ಲಿ. ಪ್ರಯಾಣದ ವಾಂತಿ ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚು ಎಂಬುದು ಮಕ್ಕಳ ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಒಳಕಿವಿ ಹೇಳುವ ಚಲನೆಗೂ ಕಣ್ಣು ಕಾಣುವ ಸ್ಥಿರ ಸೀಟಿಗೂ ತಾಳೆಯಾಗದಾಗ ಹೊಟ್ಟೆ ತೊಳಸುತ್ತದೆ. ಕ್ರೂಸರ್‌ನ ಹಿಂದಿನ ಅಡ್ಡ ಸೀಟಿನಲ್ಲಿ, ಕಿಟಕಿಗೂ ಎಟುಕದ ಎತ್ತರದಲ್ಲಿ ಕೂರಿಸಿದ ಐದು ವರ್ಷದ ಮಗುವಿಗೆ ಘಟ್ಟದ ತಿರುವಿನಲ್ಲಿ ಆಗುವುದು ಇದೇ. ದೊಡ್ಡವರು ಕಿಟಕಿಯಾಚೆ ಕಣಿವೆ ನೋಡಿ ದಣಿವು ಮರೆಯಬಲ್ಲರು. ಮಗುವಿನ ಪಾಲಿಗೆ ಆ ಕಣಿವೆ ಎಂದರೆ ಪ್ಲಾಸ್ಟಿಕ್ ಚೀಲ. ಹಾಗಾಗಿ ಚಿಕ್ಕ ಮಕ್ಕಳಿದ್ದರೆ ಹಗಲು ಪ್ರಯಾಣಕ್ಕೆ ನಾಲ್ಕು ತಾಸಿನ ಗಡಿ ಹಾಕಿಕೊಳ್ಳುವುದು ಒಳ್ಳೆಯದು ಎನ್ನುತ್ತೇನೆ. ಈ ಗಡಿ ಯಾವ ಶಾಸ್ತ್ರದಲ್ಲೂ ಇಲ್ಲ. ಬೆಳಿಗ್ಗೆ ತಿಂಡಿ ತಿಂದು ಹೊರಟು ಮಧ್ಯಾಹ್ನದ ಊಟಕ್ಕೆ ತಲುಪಿ, ಮಗು ಅಲ್ಲೇ ಒಂದು ನಿದ್ದೆ ಮಾಡಿ ಸಂಜೆಗೆ ಆಟಕ್ಕೆ ಏಳಬೇಕೆಂದರೆ ಇಷ್ಟೇ ದಾರಿ ಸಾಧ್ಯ.

ಇನ್ನೊಂದು ವಿಚಾರ ಚಿಕ್ಕ ಮಕ್ಕಳ ನೋಟಕ್ಕೇ ಸಂಬಂಧಿಸಿದ್ದು. ‘ವ್ಯೂ ಪಾಯಿಂಟ್’ ಎನ್ನುವುದು ದೊಡ್ಡವರಿಗಾಗಿ ಹುಟ್ಟಿದ ವಸ್ತು. ಮೂರಡಿ ಎತ್ತರದ ಮಗುವಿಗೆ ಕಂಬಿಯ ಆಚೆಯ ಕಣಿವೆಗಿಂತ ಕಂಬಿಯ ಬುಡದಲ್ಲಿ ಸಾಲು ಹಿಡಿದ ಇರುವೆ ದೊಡ್ಡದು. ಅಮೆರಿಕದ ವಿಜ್ಞಾನಿ, ಲೇಖಕಿ ರೇಚೆಲ್ ಕಾರ್ಸನ್ 1956ರಲ್ಲಿ ಮಕ್ಕಳ ಬೆರಗಿನ ಬಗ್ಗೆ ಒಂದು ಲೇಖನ ಬರೆದರು; ಅವರು ತೀರಿಕೊಂಡಮೇಲೆ 1965ರಲ್ಲಿ ಅದು ಪುಸ್ತಕವಾಯಿತು. ಮಗುವಿಗೆ ಹೆಸರು, ಮಾಹಿತಿಗಳನ್ನು ತುಂಬುವುದಕ್ಕಿಂತ ಅನುಭವಕ್ಕೆ ಬಿಡುವುದು ಮುಖ್ಯ ಎಂಬುದು ಅದರ ಸಾರ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅವರು ಆರಿಸಿಕೊಂಡ ಜಾಗ. ತಮ್ಮ ಅಕ್ಕನ ಮೊಮ್ಮಗನಾದ ಪುಟ್ಟ ಹುಡುಗನನ್ನು ಅವರು ದೂರದ ಪ್ರಸಿದ್ಧ ಅಭಯಾರಣ್ಯಗಳಿಗೆ ಒಯ್ಯಲಿಲ್ಲ. ತಮ್ಮ ಮನೆಯ ಹತ್ತಿರದ ಕಡಲ ದಂಡೆಗೆ, ಕಾಡಿಗೆ, ಮಳೆಯಲ್ಲೂ ರಾತ್ರಿಯಲ್ಲೂ ಮತ್ತೆ ಮತ್ತೆ ಕರೆದೊಯ್ದರು. ಒಂದೇ ಜಾಗಕ್ಕೆ ಎರಡನೇ ಸಲ ಹೋಗುವುದೆಂದರೆ ದೊಡ್ಡವರಿಗೆ ದುಡ್ಡು ದಂಡ, ಮಗುವಿಗೆ ಅದು ಪರಿಚಯದ ಶುರು. ಹತ್ತಿರದ ಜಾಗವನ್ನಷ್ಟೇ ಎರಡನೇ ಸಲ ನೋಡಲು ಸಾಧ್ಯ.

ಈ ಮೂರು ಅಳತೆಗಳನ್ನು ಹಿಡಿದು ನೋಡಿದಾಗ ಮಾನ್ವಿ ಮತ್ತು ರಾಯಚೂರಿನವರಿಗೆ ಮೊದಲು ಸಿಗುವುದು ಹೊಸಪೇಟೆ–ಕಮಲಾಪುರ–ದರೋಜಿಯ ವರ್ತುಲ. ಸಿಂಧನೂರು, ಗಂಗಾವತಿ ಮೇಲೆ ರಾಯಚೂರಿನಿಂದ ಸುಮಾರು 160–170 ಕಿಲೋಮೀಟರ್. ಮಾನ್ವಿ ಅದೇ ದಾರಿಯ ಮೇಲಿರುವುದರಿಂದ ಅಲ್ಲಿನವರಿಗೆ ಇನ್ನೊಂದು ತಾಸು ಕಡಿಮೆ. ಹಂಪಿಗೆ ನಮ್ಮವರು ಹೋಗುತ್ತಾರೆ, ಇಲ್ಲವೆಂದಲ್ಲ. ವಿರೂಪಾಕ್ಷನ ದರ್ಶನ, ಕಲ್ಲಿನ ರಥದ ಮುಂದೆ ಫೋಟೊ, ಸಂಜೆಗೆ ವಾಪಸ್. ಕಾಡುಪ್ರಾಣಿ ನೋಡಲು ಅಲ್ಲಿಗೆ ಹೋಗುವವರು ಕಡಿಮೆ. ಆದರೆ ಬಿಳಿಕಲ್ಲು ಅರಣ್ಯದ ಅಂಚಿನಲ್ಲಿ 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮ ಇರುವುದು ಹಂಪಿಯಿಂದ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿ. ಮಧ್ಯಾಹ್ನ ಅರಣ್ಯ ಇಲಾಖೆಯವರು ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಬೆಲ್ಲ-ಜೇನಿನ ಪಾಕ ಸವರುತ್ತಾರೆ. ಬಿಸಿಲು ಇಳಿಯುತ್ತಿದ್ದಂತೆ ಕರಡಿಗಳು ಗವಿಯಿಂದ ಇಳಿದು ಬರುತ್ತವೆ, ಎದುರಿನ ಗೋಪುರದಲ್ಲಿ ಕೂತು ನೋಡಬಹುದು. ಕಾಡುಪ್ರಾಣಿ ಇಂಥ ಹೊತ್ತಿಗೆ ಇಂಥ ಕಡೆ ಬರುತ್ತದೆ ಎಂದು ಇಷ್ಟು ಭರವಸೆಯಿಂದ ಹೇಳಬಹುದಾದ ಜಾಗ ರಾಜ್ಯದಲ್ಲೇ ವಿರಳ. ಹುಲಿ ಸಫಾರಿಯಲ್ಲಿ ನಸುಕಿಗೆ ಎದ್ದು ಎರಡು ತಾಸು ಬಾಯಿ ಮುಚ್ಚಿ ಕೂತು ಜಿಂಕೆ ನೋಡಿ ಬಂದ ಮಗುವಿನ ನಿರಾಶೆಯನ್ನು ಇದರೊಂದಿಗೆ ತೂಗಿ ನೋಡಬೇಕು. ಚಳಿಗಾಲದಲ್ಲಿ ಹುಟ್ಟುವ ಮರಿಗಳು ಎರಡು-ಮೂರು ತಿಂಗಳಿಗೆ ಗವಿಯಿಂದ ಹೊರಬೀಳುತ್ತವೆ. ತಾಯಿ ಅವನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಫೆಬ್ರುವರಿಯ ಸಂಜೆ ಆ ನೋಟ ಸಿಕ್ಕರೆ ಯಾವ ನಾಲ್ಕು ವರ್ಷದವರಿಗೂ ವಿವರಣೆ ಬೇಕಾಗದು.

ಇದರಲ್ಲಿ ತೊಡಕಿಲ್ಲವೆಂದಲ್ಲ. ಗೋಪುರಕ್ಕೂ ಬಂಡೆಗೂ ಸಾಕಷ್ಟು ಅಂತರವಿದೆ. ದುರ್ಬೀನು ಇಲ್ಲದಿದ್ದರೆ ಕರಡಿ ಎಂದರೆ ಚಲಿಸುವ ಒಂದು ಕರಿ ಚುಕ್ಕೆ. ಇಲ್ಲಿ ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿಸಂಗ್ರಹಾಲಯ ಉಪಯೋಗಕ್ಕೆ ಬರುತ್ತದೆ. ಬಳ್ಳಾರಿಯ ಹಳೆಯ ಕಿರುಮೃಗಾಲಯದ ಪ್ರಾಣಿಗಳನ್ನು ಸ್ಥಳಾಂತರಿಸಿ 2017ರಲ್ಲಿ ಶುರುಮಾಡಿದ ದೊಡ್ಡ ಜಾಗ ಅದು. ಮೃಗಾಲಯ ನಿಸರ್ಗವೇ ಅಲ್ಲ, ಬಂದೀಖಾನೆ ಎಂಬ ಆಕ್ಷೇಪ ಗೊತ್ತು. ದೊಡ್ಡವರಿಗೆ ಹೇಳುವಾಗ ಅದನ್ನು ನಾನೂ ಒಪ್ಪುತ್ತೇನೆ. ಮಗುವಿನ ಕಲಿಕೆಗೆ ಮಾತ್ರ ಕ್ರಮ ಮುಖ್ಯ. ಬೆಳಿಗ್ಗೆ ಹತ್ತಿರದಿಂದ ಪ್ರಾಣಿಗಳ ಆಕಾರ, ಗಾತ್ರ, ನಡಿಗೆ ನೋಡಿಕೊಂಡ ಮಗು ಮಧ್ಯಾಹ್ನ ಆ ದೂರದ ಚುಕ್ಕೆಯನ್ನು ತಾನೇ ಗುರುತು ಹಿಡಿಯುತ್ತದೆ. ಅಲ್ಲಿ ಬೇಲಿ ಇತ್ತು, ಇಲ್ಲಿ ಯಾಕಿಲ್ಲ ಎಂದು ಅದು ಕೇಳಿದರೆ ಪ್ರವಾಸದ ಅರ್ಧ ಖರ್ಚು ವಸೂಲಾದಂತೆ. ಬೆಲ್ಲ ಸವರಿ ಕಾಡುಪ್ರಾಣಿಯನ್ನು ಕರೆಯುವುದು ಸರಿಯೇ ಎಂಬ ಪ್ರಶ್ನೆಯನ್ನೂ ವನ್ಯಜೀವಿ ಆಸಕ್ತರು ಎತ್ತುತ್ತಾರೆ. ನ್ಯಾಯವಾದ ಪ್ರಶ್ನೆ, ಇಲಾಖೆ ಉತ್ತರಿಸಬೇಕು. ಆದರೆ ಆ ಕಾಡಿನ ಕರಡಿ ಗೆದ್ದಲು, ಬಾರಿಹಣ್ಣು, ಕಕ್ಕೆಕಾಯಿಯನ್ನು ತಾನೇ ಹುಡುಕಿಕೊಂಡು ಬದುಕುವ ಪ್ರಾಣಿ, ಯಾರ ಸಾಕಣೆಯದೂ ಅಲ್ಲ.

ಮಾನ್ವಿಯ ಮಕ್ಕಳಿಗೆ ಆ ದಾರಿಯಲ್ಲಿ ಬೇರೆ ಯಾರಿಗೂ ಇಲ್ಲದ ಒಂದು ಲಾಭವಿದೆ. ಅವರ ಊರಿನ ಗದ್ದೆಗೆ ಬರುವ ನೀರು ಹೊರಡುವುದು ಮುನಿರಾಬಾದಿನಿಂದ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿದು ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರು ತಾಲ್ಲೂಕಿನ ಕೊನೆ ಭಾಗಕ್ಕೆ ಬರುತ್ತದೆ. ‘ಬರುತ್ತದೆ’ ಎಂದು ಬರೆದಷ್ಟು ಸಲೀಸಾಗಿ ನೀರು ಬರುವುದಿಲ್ಲ ಎಂದು ಕೊನೆ ಭಾಗದ ರೈತರು ಪ್ರತಿವರ್ಷ ರಸ್ತೆಗಿಳಿದು ಹೇಳುತ್ತಾರೆ, ಅದು ಬೇರೆ ಮಾತು. ಹೊಲದ ಬದುವಿನಲ್ಲಿ ನೋಡಿದ ಸಣ್ಣ ವಿತರಣಾ ನಾಲೆ, ಅದರ ಹಿಂದಿನ ದೊಡ್ಡ ಕಾಲುವೆ, ಅದರ ಹಿಂದಿನ ಸಮುದ್ರದಂಥ ನೀರು, ಹೀಗೆ ನೀರಿನ ಎದುರು ದಿಕ್ಕಿಗೆ ಸಾಗುವ ಪ್ರಯಾಣ ಆರೇಳು ವರ್ಷದ ಮಗುವಿಗೆ ಭೂಗೋಳವನ್ನು ಕಣ್ಣಾರೆ ಕಟ್ಟಿಕೊಡುತ್ತದೆ. 2024ರ ಆಗಸ್ಟಿನಲ್ಲಿ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಮನೆಯಲ್ಲಿ ದೊಡ್ಡವರು ಯಾಕೆ ಅಷ್ಟು ಗಾಬರಿಯಾದರು ಎಂದು ಅಲ್ಲಿ ನಿಂತರೆ ಅದಕ್ಕೂ ಅರ್ಥವಾದೀತು. ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಪ್ರದೇಶ, ದೇಶದಲ್ಲೇ ಮೊದಲನೆಯದು. ನೀರುನಾಯಿ ಕಂಡೇ ಕಾಣುತ್ತದೆ ಎಂದು ಮಕ್ಕಳಿಗೆ ಮಾತು ಕೊಡಬಾರದು. ನಸುಕಿನಲ್ಲಿ ಅದೃಷ್ಟವಿದ್ದರೆ ಉಂಟು. ಹೊಸಪೇಟೆಯಿಂದ ಒಂದು ತಾಸಿನಾಚೆ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲಿ ನಿಂತ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. 2017ರಲ್ಲಿ ಪಕ್ಷಿ ಸಂರಕ್ಷಣಾ ಪ್ರದೇಶವಾದ ಆ ಕೆರೆ 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ಅಘನಾಶಿನಿ ಅಳಿವೆಯ ಜೊತೆಗೆ ರಾಮ್ಸರ್ ಪಟ್ಟಿ ಸೇರಿತು. ಜಗತ್ತು ಗುರುತಿಸಿದ ಜೌಗು ನಮ್ಮಿಂದ ಅರ್ಧ ದಿನದ ದಾರಿಯಲ್ಲಿದೆ.

ದೇವದುರ್ಗದವರಿಗೆ ಇದೇ ಉತ್ತರ ಕೊಡುವುದು ಅನ್ಯಾಯ. ಅವರು ರಾಯಚೂರಿಗೋ ಸಿರವಾರ–ಮಾನ್ವಿಗೋ ಬಂದು ದಾರಿ ಹಿಡಿಯುವುದಕ್ಕಿಂತ ಉತ್ತರಕ್ಕೆ ಕೃಷ್ಣೆಯನ್ನು ದಾಟುವುದೇ ವಾಸಿ. ತಿಂಥಣಿ ಸೇತುವೆ ದಾಟಿದರೆ ಮೌನೇಶ್ವರನ ಕ್ಷೇತ್ರ, ಅಲ್ಲಿಂದ ಮುಂದೆ ಸುರಪುರ, ಸುರಪುರದಿಂದ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಬೋನಾಳ ಕೆರೆ. ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು, ಬೆಳ್ಳಕ್ಕಿ, ಕೆಂಬರಲು, ನೇರಳೆ ನೀರುಕೋಳಿ ಎಲ್ಲವೂ ಇರುವ ಪಕ್ಷಿಧಾಮ ಅದು. ಸುರಪುರದ ಗುಡ್ಡದ ಮೇಲೆ 19ನೇ ಶತಮಾನದ ಮಧ್ಯದಲ್ಲಿ ಬ್ರಿಟಿಷ್ ಅಧಿಕಾರಿ, ಕಾದಂಬರಿಕಾರ ಫಿಲಿಪ್ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ ಇದೆ. ಮಕ್ಕಳಿಗೆ ಟೇಲರ್ ಬೇಡ, ಗುಡ್ಡ ಹತ್ತಿ ಇಳಿಯುವುದು ಸಾಕು. ಬೋನಾಳದಲ್ಲಿ ನೆರಳು, ಶೌಚಾಲಯ, ತಿಂಡಿ ಎಲ್ಲಕ್ಕೂ ಸುರಪುರವನ್ನೇ ನೆಚ್ಚಬೇಕು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಹೊರಡಬೇಕು. ಲಿಂಗಸುಗೂರು ತಾಲ್ಲೂಕಿನ ಜಲದುರ್ಗ, ಗುಂಡಲಬಂಡೆಯ ಜಲಪಾತವೂ ಹತ್ತಿರದವೇ. ಜಲಪಾತ ಮಳೆಗಾಲದ್ದು, ಅಂಚಿಗೆ ತಡೆಗೋಡೆ ಇಲ್ಲದ ಬಂಡೆಗಳ ಜಾಗ. ಓಡುವ ವಯಸ್ಸಿನ ಮಕ್ಕಳಿದ್ದರೆ ನಾನಂತೂ ಬೇಡ ಎನ್ನುತ್ತೇನೆ.

ರಾಯಚೂರು ನಗರದವರಿಗೆ ಮೂರನೆಯ ದಿಕ್ಕೊಂದಿದೆ. ಕೃಷ್ಣೆಯಾಚೆ ತೆಲಂಗಾಣದ ಮೆಹಬೂಬ್‌ನಗರದ ಹತ್ತಿರ ‘ಪಿಲ್ಲಲಮರ್ರಿ’ ಎಂಬ ಆಲದಮರ, ಸುಮಾರು 700 ವರ್ಷದ್ದೆಂದು ಅಂದಾಜು, ಮೂರು ಎಕರೆಯಷ್ಟು ಹಬ್ಬಿದೆ. 2018ರಲ್ಲಿ ಗೆದ್ದಲು ಹಿಡಿದು ಕೊಂಬೆ ಬಿದ್ದಾಗ ಆಸ್ಪತ್ರೆಯಲ್ಲಿ ರೋಗಿಗೆ ಹಚ್ಚುವ ಹಾಗೆ ಅದಕ್ಕೆ ಸಲಾಯಿನ್ ಬಾಟಲಿಗಳಲ್ಲಿ ಔಷಧ ಹಚ್ಚಿದರು. ಮರಕ್ಕೂ ಕಾಯಿಲೆ ಬರುತ್ತದೆ, ಮರಕ್ಕೂ ಸಲಾಯಿನ್ ಏರಿಸುತ್ತಾರೆ ಎಂಬ ಕಥೆ ಐದು ವರ್ಷದವರಿಗೆ ಇಡೀ ದಾರಿಗೆ ಸಾಕು. ನೂರು ಕಿಲೋಮೀಟರಿನ ಆಸುಪಾಸಿನ ದಾರಿ. ಖರ್ಚಿನ ಲೆಕ್ಕದಲ್ಲಿ ಮಾತ್ರ ಹೊಸಪೇಟೆ ಗೆಲ್ಲುತ್ತದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಅವ್ವ, ಅಮ್ಮ, ಹೆಣ್ಣುಮಕ್ಕಳಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ; ಅದು ರಾಜ್ಯದೊಳಗಿನ ಪ್ರಯಾಣಕ್ಕಷ್ಟೇ, ಅಂತರರಾಜ್ಯ ಬಸ್ಸಿಗೆ ಅನ್ವಯಿಸುವುದಿಲ್ಲ. ಆರು ಜನರ ಮನೆಯಲ್ಲಿ ನಾಲ್ವರು ಹೆಣ್ಣುಮಕ್ಕಳಿದ್ದರೆ ಹೊಸಪೇಟೆಯ ಬಸ್ ಖರ್ಚು ಇಬ್ಬರದ್ದು. ಉಳಿದ ದುಡ್ಡಿನಲ್ಲಿ ಒಂದು ರಾತ್ರಿಯ ರೂಮು, ದರೋಜಿಗೆ ಒಂದು ಬಾಡಿಗೆ ಗಾಡಿ ಆಗಬಹುದು. ಕ್ರೂಸರ್ ಲೆಕ್ಕಾಚಾರದಲ್ಲಿ ಮುಳುಗಿದವರು ಇದನ್ನು ಯೋಚಿಸಿರುವುದಿಲ್ಲ.

ಈಗ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಶಾಲೆ ಸೂಟಿ ಕೊಡುವುದೇ ಏಪ್ರಿಲ್–ಮೇನಲ್ಲಿ, ನೀವು ಹೇಳುವ ತಿಂಗಳು ಯಾರ ಕೈಯಲ್ಲಿದೆ? ಒಪ್ಪುತ್ತೇನೆ, ಇದೇ ಬಿಸಿಲಿಗೆ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಾಗುತ್ತವೆ. ಆ ಎರಡು ತಿಂಗಳು 40 ಡಿಗ್ರಿ ದಾಟುವುದು ಇಲ್ಲಿ ವಾಡಿಕೆ, ಹೊಸಪೇಟೆಯ ಬಂಡೆಗಳೂ ಅಷ್ಟೇ ಕಾಯುತ್ತವೆ. ಮೈಯ ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ಹರವು ಹೆಚ್ಚು, ಬೆವರುವುದು ಕಡಿಮೆ, ಅವರಿಗೆ ಬಿಸಿಲು ಬೇಗ ಬಡಿಯುತ್ತದೆ. ಆದ್ದರಿಂದ ಮೇನಲ್ಲಿ ಹಂಪಿಗೆ ಹೋಗಿ ಎಂದು ನಾನು ಖಂಡಿತ ಹೇಳಲಾರೆ. ನನ್ನ ಸಲಹೆ ದಸರಾ ಸೂಟಿಯದು. ಅಕ್ಟೋಬರಿನಲ್ಲಿ ಜಲಾಶಯ ತುಂಬಿರುತ್ತದೆ, ಗುಡ್ಡಗಳು ಹಸಿರಾಗಿರುತ್ತವೆ, ಮಧ್ಯಾಹ್ನದ ಬಿಸಿಲೂ ತಡೆಯುವಂತಿರುತ್ತದೆ. ದಸರಾದಲ್ಲಿ ಮನೆಯಲ್ಲಿ ಘಟ್ಟ ಹಾಕಿರುತ್ತೇವೆ, ದೀಪ ಆರಬಾರದು, ಊರು ಬಿಡುವುದು ಹೇಗೆ ಎನ್ನುವವರಿಗೆ ಬನ್ನಿ ಕೊಟ್ಟಮೇಲೆ ಉಳಿಯುವ ದಿನಗಳಿವೆ. ಡಿಸೆಂಬರ್–ಜನವರಿಯಲ್ಲಿ ಒಂದು ಶನಿವಾರ-ಭಾನುವಾರ ಸಿಕ್ಕರೂ ನಾಲ್ಕು ತಾಸಿನ ಗಡಿಯೊಳಗಿನ ಜಾಗಕ್ಕೆ ಸಾಕು. ಊಟಿಗೆ ಸಾಲುವುದಿಲ್ಲ, ದರೋಜಿಗೆ ಸಾಲುತ್ತದೆ. ಮೇ ತಿಂಗಳಲ್ಲಿ ಹೋಗಲೇಬೇಕು, ತಂಪಿಗೇ ಹೋಗಬೇಕು ಎಂದಾದರೆ ಕ್ರೂಸರ್ ಬಿಟ್ಟು ಸೊಲ್ಲಾಪುರ–ಹಾಸನ ರೈಲನ್ನು ಯೋಚಿಸಬೇಕು. ರಾಯಚೂರಿನಲ್ಲಿ ರಾತ್ರಿ ಹತ್ತಿದರೆ ಮಕ್ಕಳು ಬರ್ತಿನ ಮೇಲೆ ಮಲಗಿ ಮರುದಿನ ಹಾಸನದಲ್ಲಿ ಇಳಿಯುತ್ತಾರೆ. ಅಲ್ಲಿಂದ ಸಕಲೇಶಪುರ 40 ಕಿಲೋಮೀಟರ್. ಒಂದೇ ಕಡೆ ಮೂರು ರಾತ್ರಿ ಇದ್ದು, ದಿನಕ್ಕೊಂದು ‘ಸ್ಪಾಟ್’ ಎಂದು ಅಲೆಯದೆ, ತೋಟದ ತೊರೆಯಲ್ಲಿ ಕಾಲಾಡಿಸಿ ಬರುವುದು. ಉಳಿದ ತಂಪು ಜಾಗಗಳ ಜೊತೆ ಹೋಲಿಸಿದರೆ ಚಿಕ್ಕ ಮಕ್ಕಳ ಮಟ್ಟಿಗೆ ಇದೇ ಸರಿ.

‘ನಮ್ಮ ಹುಡುಗರು ಬಂಡೆ, ಬಿಸಿಲು, ಜಾಲಿ ದಿನಾ ನೋಡ್ತಾವು, ಮತ್ತ ಅದನ್ನೇ ತೋರಿಸೋಕ ಹೋಗಬೇಕೇನ್ರಿ?’ ಎಂಬ ಮಾತಿಗೂ ತೂಕವಿದೆ. ಹಸಿರು ಕಾಡನ್ನು ನೋಡುವ ಹಕ್ಕು ಬಯಲುನಾಡಿನ ಮಕ್ಕಳಿಗೂ ಇದೆ. ನಾನು ಅದನ್ನು ಹತ್ತು-ಹನ್ನೆರಡನೇ ವಯಸ್ಸಿಗೆ ಮುಂದೂಡುತ್ತಿದ್ದೇನೆ, ಇಲ್ಲವೆನ್ನುತ್ತಿಲ್ಲ. ಆ ವಯಸ್ಸಿಗೆ ಹೊಟ್ಟೆ ಗಟ್ಟಿಯಾಗಿರುತ್ತದೆ, ಕಾಲು ನಡೆಯುತ್ತದೆ, ನೋಡಿದ್ದು ನೆನಪಿನಲ್ಲಿ ಉಳಿಯುತ್ತದೆ. ಅದಕ್ಕಿಂತ ಮುಖ್ಯ, ಈ ಮಕ್ಕಳು ಬಂಡೆಯನ್ನು ದಿನಾ ನೋಡುತ್ತಾರೆ ಎಂಬುದೇ ಅನುಮಾನ. ರಾಯಚೂರಿನ ಬಡಾವಣೆಯ ಮಗು ದಿನಾ ನೋಡುವುದು ಶಾಲಾ ವ್ಯಾನು, ಟ್ಯೂಷನ್ನು, ಮೊಬೈಲು. ಬಂಡೆಯ ಸಂದಿಯಲ್ಲಿ ಕರಡಿ ಮಲಗುತ್ತದೆ, ಜಾಲಿಯ ಮೇಲೆ ಕೊಕ್ಕರೆ ಮರಿ ಮಾಡುತ್ತದೆ ಎಂಬುದು ಆ ಮಗುವಿಗೆ ಊಟಿಯ ಗುಲಾಬಿ ತೋಟದಷ್ಟೇ ಹೊಸದು.

ಅಪಾಯದ ಮಾತು ಚುಟುಕಾಗಿ ಹೇಳಿ ಮುಗಿಸುವಂಥದ್ದಲ್ಲ. ಕೃಷ್ಣೆಯಲ್ಲೂ ತುಂಗಭದ್ರೆಯಲ್ಲೂ ಮೊಸಳೆಗಳಿವೆ. ದೇವದುರ್ಗ, ರಾಯಚೂರು ತಾಲ್ಲೂಕಿನ ಹೊಳೆದಂಡೆಯ ಹಳ್ಳಿಗಳಲ್ಲಿ ಅವುಗಳ ದಾಳಿಯ ಸುದ್ದಿ ಆಗಾಗ ಬರುತ್ತದೆ. ಬೇಸಿಗೆಯಲ್ಲಿ ನೀರು ಮಡುಗಳಲ್ಲಷ್ಟೇ ಉಳಿದಾಗ ಮೊಸಳೆಯೂ ಅಲ್ಲೇ, ದನವೂ ಅಲ್ಲೇ, ಈಜುವ ಹುಡುಗರೂ ಅಲ್ಲೇ. ಹಂಪಿ, ಆನೆಗೊಂದಿಯ ಕಡೆ ತುಂಗಭದ್ರೆಯ ಬಂಡೆಗಳ ನಡುವಿನ ಸುಳಿ ಈಜು ಬಲ್ಲ ದೊಡ್ಡವರನ್ನೂ ಬಿಟ್ಟಿಲ್ಲ. ಹಾಗಾಗಿ ಈ ಪ್ರವಾಸಗಳಲ್ಲಿ ಹೊಳೆ ನೋಡುವುದಕ್ಕೆ, ಇಳಿಯುವುದಕ್ಕಲ್ಲ. ಹರಿಗೋಲು ಹತ್ತುವುದಾದರೆ ಮಗುವಿನ ಅಳತೆಯ ಲೈಫ್ ಜಾಕೆಟ್ ಇದ್ದರೆ ಮಾತ್ರ, ದೊಡ್ಡವರದ್ದನ್ನು ಬಿಗಿದು ಕಟ್ಟಿದರೆ ಪ್ರಯೋಜನವಿಲ್ಲ. ಇದು ಘಟ್ಟದ ತೊರೆಗೂ ಅನ್ವಯಿಸುವ ಎಚ್ಚರ. ವ್ಯತ್ಯಾಸವೆಂದರೆ ಹೊಸಪೇಟೆಯಿಂದ ಆಸ್ಪತ್ರೆ ದೂರವಿಲ್ಲ, ಭಾಷೆ ಬೇರೆಯಲ್ಲ, ಜ್ವರ ಬಂದರೆ ಸಂಜೆಯೊಳಗೆ ಮನೆ ಸೇರಬಹುದು.

ಹೊಸತನ್ನೇನೋ ಹೇಳುತ್ತಿದ್ದೇನೆ ಎಂಬ ಭ್ರಮೆಯೂ ನನಗಿಲ್ಲ. ತಿಂಗಳು ನೋಡಿ ಮಕ್ಕಳನ್ನು ಹೊರಗೆ ಕರೆದೊಯ್ಯುವ ಕ್ರಮ ಈ ನೆಲದಲ್ಲಿ ಮೊದಲಿನಿಂದ ಇದೆ. ಮಾರ್ಗಶಿರದ ಕೊನೆಗೆ ಬರುವ ಎಳ್ಳ ಅಮಾವಾಸ್ಯೆಯ ದಿನ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಹಿಂಗಾರಿ ಜೋಳ ತಲೆಯೆತ್ತಿ ನಿಂತ ಹೊತ್ತು, ಬಿಸಿಲು ಹಿತವಾದ ಹೊತ್ತು, ಮಗು ಸಂಜೆವರೆಗೆ ಬಯಲಲ್ಲಿ ಓಡಾಡಿದರೂ ಬಾಡದ ಹೊತ್ತು. ಅದಾದ ಕೆಲವೇ ವಾರಕ್ಕೆ ಸೀತನಿಯ ಕಾಲ. ಸಂಕ್ರಾಂತಿಗೆ ಹೊಳೆಗೆ ಹೋಗುವುದೂ ಇದೇ ಲೆಕ್ಕದ್ದು. ವರ್ಷದ ಪ್ರವಾಸಕ್ಕೆ ಹಿರಿಯರು ಆರಿಸಿದ್ದು ಮಾರ್ಗಶಿರ-ಪೌಷವನ್ನು, ಎತ್ತಿನ ಗಾಡಿ ಹೋಗಿ ಬರುವಷ್ಟು ದೂರವನ್ನು. ವೈಶಾಖದ ಬಿಸಿಲಿನಲ್ಲಿ ಐನೂರು ಕಿಲೋಮೀಟರ್ ಹೋಗುವ ಪದ್ಧತಿ ಶಾಲೆಯ ವೇಳಾಪಟ್ಟಿಯೂ ಟ್ರಾವೆಲ್ಸ್‌ನ ಜಾಹೀರಾತೂ ಸೇರಿ ಮಾಡಿದ್ದು. ನೀರಾವರಿಯ ಮಾನ್ವಿಯಲ್ಲಿ ಜೋಳ ಹೋಗಿ ಭತ್ತ ಬಂದಮೇಲೆ ಎಳ್ಳ ಅಮಾವಾಸ್ಯೆಯ ಗಾಡಿಗಳೂ ಕಡಿಮೆಯಾದವು ಎಂಬುದನ್ನು ಇಲ್ಲಿ ಸೇರಿಸಬೇಕು. ದೇವದುರ್ಗದ ಎಷ್ಟೋ ಮನೆಗಳಿಗೆ ಈ ಲೇಖನವೇ ಅಪ್ರಸ್ತುತ ಎಂಬುದನ್ನೂ ಹೇಳಬೇಕು. ಸುಗ್ಗಿ ಮುಗಿದೊಡನೆ ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಸಂಸಾರದ ಮಗುವಿಗೆ ಬೇಸಿಗೆ ಸೂಟಿ ಎಂದರೆ ಕಟ್ಟಡದ ಪಕ್ಕದ ತಗಡಿನ ಶೆಡ್ಡು. ಆ ಮಕ್ಕಳಿಗೆ ಹಕ್ಕಿ ತೋರಿಸಬೇಕಾದದ್ದು ಶಾಲೆ. ಅದಕ್ಕೂ ಬೋನಾಳದಂಥ ಹತ್ತಿರದ ಕೆರೆಯೇ ಆಗಬೇಕು, ಚಳಿಗಾಲವೇ ಆಗಬೇಕು, ಏಕೆಂದರೆ ಗುಳೆ ಹೋಗುವ ಮೊದಲು ಅವರು ಊರಲ್ಲಿ ಇರುವುದು ಆಗಲೇ.

ಇಷ್ಟಾದ ಮೇಲೂ ಒಂದು ಅಡಚಣೆ ಪೋಷಕರ ಕೈಯಲ್ಲಿಲ್ಲ. ಹೊಸಪೇಟೆವರೆಗೆ ಬಸ್ಸಿದೆ, ದರೋಜಿಯ ಗೋಪುರದವರೆಗೆ ಸ್ವಂತ ಗಾಡಿಯೋ ಬಾಡಿಗೆ ಗಾಡಿಯೋ ಬೇಕು. ರಾಯಚೂರಿನಿಂದ ಮಾನ್ವಿ, ಸಿಂಧನೂರು, ಗಂಗಾವತಿ ಮೇಲೆ ಬೆಳಿಗ್ಗೆ ಏಳಕ್ಕೆ ಹೊರಟು ಮಧ್ಯಾಹ್ನದ ಹೊತ್ತಿಗೆ ಮೃಗಾಲಯ, ಎರಡೂವರೆಗೆ ಕರಡಿಧಾಮ ಮುಟ್ಟಿಸುವ ಒಂದು ಬಸ್ಸನ್ನು ಅಕ್ಟೋಬರಿನಿಂದ ಫೆಬ್ರುವರಿವರೆಗಿನ ಶನಿವಾರಗಳಲ್ಲಾದರೂ ಬಿಡುವುದು ಸಾರಿಗೆ ನಿಗಮಕ್ಕೆ ದೊಡ್ಡ ಕೆಲಸವಲ್ಲ. ದೇವದುರ್ಗದಿಂದ ಬೋನಾಳಕ್ಕೆ ಅಂಥದ್ದೇ ಒಂದು, ಜೊತೆಗೆ ಕೆರೆಯ ದಂಡೆಯಲ್ಲಿ ಎರಡು ಶೌಚಾಲಯ, ಒಂದು ನೆರಳಿನ ಕಟ್ಟೆ, ಬಾಡಿಗೆಗೆ ನಾಲ್ಕು ದುರ್ಬೀನು. ಜಿಲ್ಲಾ ಖನಿಜ ನಿಧಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ಸ್ವಾಗತ ಕಮಾನು ಕಟ್ಟುವ ಮೊದಲು ಇಷ್ಟನ್ನು ಕಟ್ಟಬಹುದು.